ಧ್ವನಿ ಕಟ್ಟುವುದು: ಮೂರು ವಾರಗಳ ಎಚ್ಚರಿಕೆ

ಜಾತ್ರೆ, ಭಜನೆ ಅಥವಾ ಚುನಾವಣಾ ಪ್ರಚಾರದ ಮರುದಿನ ಗಂಟಲು ಕಟ್ಟುವುದು ಗ್ರಾಮಗಳಲ್ಲಿ ಸಾಮಾನ್ಯ ಸಂಗತಿ. ನೆಗಡಿ ಬಂದಾಗಲೂ ಧ್ವನಿ ಒಡೆಯುತ್ತದೆ. ಇಂತಹ ತೊಂದರೆ ಬಹುಮಟ್ಟಿಗೆ ಒಂದೆರಡು ವಾರಗಳಲ್ಲಿ ತಾನಾಗಿಯೇ ವಾಸಿಯಾಗುತ್ತದೆ. ಆದರೆ ಮೂರು ವಾರ ಕಳೆದರೂ ಧ್ವನಿ ಸರಿಹೋಗದಿದ್ದಲ್ಲಿ ವೈದ್ಯರ ತಪಾಸಣೆ ಅಗತ್ಯ. ಈ ಅಂಶವನ್ನು ಗ್ರಾಮ ಪಂಚಾಯಿತಿ ಸದಸ್ಯರು ಅರಿತು ಜನರಿಗೆ ತಿಳಿಸುವುದು ಈ ಪಾಠದ ಉದ್ದೇಶವಾಗಿದೆ.

1. ಧ್ವನಿ ಹುಟ್ಟುವ ಬಗೆ

ಕತ್ತಿನ ಮುಂಭಾಗದಲ್ಲಿರುವ ಧ್ವನಿಪೆಟ್ಟಿಗೆಯೊಳಗೆ ಎರಡು ಧ್ವನಿತಂತುಗಳಿವೆ. ಶ್ವಾಸಕೋಶದಿಂದ ಹೊರಬರುವ ಗಾಳಿಗೆ ಇವು ಸೆಕೆಂಡಿಗೆ ನೂರಕ್ಕೂ ಹೆಚ್ಚು ಬಾರಿ ಕಂಪಿಸುವುದರಿಂದ ಧ್ವನಿ ಉಂಟಾಗುತ್ತದೆ. ತಂತುಗಳು ಊದಿಕೊಂಡರೆ, ಅವುಗಳ ಮೇಲೆ ಗಂಟು ಬೆಳೆದರೆ ಅಥವಾ ಅವುಗಳ ನರ ದುರ್ಬಲಗೊಂಡರೆ ಧ್ವನಿ ಒರಟಾಗುತ್ತದೆ, ಇಲ್ಲವೇ ನಿಂತೇಹೋಗುತ್ತದೆ.

2. ಕಾರಣಗಳು

ವೈರಾಣು ಸೋಂಕು, ಅತಿಯಾದ ಕೂಗಾಟ, ಧೂಳು ಮತ್ತು ಹೊಗೆ, ಹೊಟ್ಟೆಯ ಆಮ್ಲ ಗಂಟಲಿಗೆ ಏರುವುದು ಮುಖ್ಯ ಕಾರಣಗಳು. ಶಿಕ್ಷಕರು, ಗಾಯಕರು, ಸಂತೆಯ ವ್ಯಾಪಾರಿಗಳಲ್ಲಿ ತಂತುಗಳ ಮೇಲೆ ಗಂಟುಗಳಾಗಬಹುದು. ಕೆಲವೊಮ್ಮೆ ಕ್ಷಯ ಅಥವಾ ಥೈರಾಯ್ಡ್ ತೊಂದರೆಯೂ ಕಾರಣವಾಗಿರುತ್ತದೆ. ಬೀಡಿ, ಸಿಗರೇಟು ಮತ್ತು ಮದ್ಯ ಸೇವಿಸುವವರಲ್ಲಿ ಧ್ವನಿಪೆಟ್ಟಿಗೆಯ ಕ್ಯಾನ್ಸರ್ ಸಂಭವ ಹೆಚ್ಚು. ಧ್ವನಿತಂತುವಿನ ಕ್ಯಾನ್ಸರಿನ ಮೊದಲ ಲಕ್ಷಣ ಸಾಮಾನ್ಯವಾಗಿ ಒರಟು ಧ್ವನಿಯೇ ಆಗಿದ್ದು, ಆರಂಭದಲ್ಲಿ ನೋವಿರುವುದಿಲ್ಲ. ಈ ಹಂತದಲ್ಲಿ ಪತ್ತೆಯಾದರೆ ಗುಣವಾಗುವ ಸಾಧ್ಯತೆ ಅಧಿಕ. ಧ್ವನಿಯನ್ನೂ ಬಹುಮಟ್ಟಿಗೆ ಉಳಿಸಿಕೊಳ್ಳಬಹುದು. ತಡವಾದರೆ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಾದ ಪ್ರಸಂಗ ಬರಬಹುದು.

3. ಮನೆಯಲ್ಲಿ ಪಾಲಿಸಬೇಕಾದ ಕ್ರಮ

ಧ್ವನಿಗೆ ವಿಶ್ರಾಂತಿ ನೀಡಬೇಕು, ಸಾಕಷ್ಟು ನೀರು ಕುಡಿಯಬೇಕು, ಧೂಮಪಾನ ನಿಲ್ಲಿಸಬೇಕು. ಪಿಸುಮಾತು ವಿಶ್ರಾಂತಿಯಲ್ಲ, ಅದರಿಂದಲೂ ತಂತುಗಳಿಗೆ ಶ್ರಮವಾಗುತ್ತದೆ. ವೈರಾಣು ಸೋಂಕಿಗೆ ಆ್ಯಂಟಿಬಯೋಟಿಕ್ ಮಾತ್ರೆಯಿಂದ ಪ್ರಯೋಜನವಿಲ್ಲವಾದ್ದರಿಂದ ಅಂಗಡಿಯಿಂದ ತಾವಾಗಿಯೇ ತಂದು ನುಂಗಬಾರದು.

4. ವೈದ್ಯರನ್ನು ಕಾಣಬೇಕಾದ ಸಂದರ್ಭಗಳು

ಅ) ಕೂಡಲೇ 108 ಆಂಬುಲೆನ್ಸ್ ಕರೆಯಬೇಕಾದದ್ದು: ಉಸಿರಾಟಕ್ಕೆ ಕಷ್ಟವಾದಾಗ, ಉಸಿರೆಳೆಯುವಾಗ ಕರ್ಕಶ ಶಬ್ದ ಬಂದಾಗ, ಉಗುಳನ್ನೂ ನುಂಗಲಾಗದಿದ್ದಾಗ, ಹಠಾತ್ತನೆ ಮಾತು ತೊದಲಿ, ಮುಖ ಸೊಟ್ಟಗಾಗಿ, ಕೈಕಾಲಿನ ಬಲ ಕುಂದಿದಾಗ. ಕೊನೆಯದು ಪಾರ್ಶ್ವವಾಯುವಿನ ಲಕ್ಷಣ.

ಆ) ಮೂರು ವಾರ ಕಾಯದೆ ತೋರಿಸಬೇಕಾದದ್ದು: ಕಫದಲ್ಲಿ ರಕ್ತ, ಕತ್ತಿನಲ್ಲಿ ಗಡ್ಡೆ, ನುಂಗಲು ತೊಂದರೆ, ಕಾರಣವಿಲ್ಲದೆ ತೂಕ ಇಳಿಯುವುದು.

ಇ) ಮೂರು ವಾರ ಮೀರಿದ ಧ್ವನಿ ಬದಲಾವಣೆ: ಬೇರೆ ಯಾವ ತೊಂದರೆ ಇಲ್ಲದಿದ್ದರೂ ತೋರಿಸತಕ್ಕದ್ದು.

5. ಸದಸ್ಯರ ಪಾತ್ರ

ಇಂತಹವರನ್ನು ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ, ಅಲ್ಲಿಂದ ಕಿವಿ, ಮೂಗು, ಗಂಟಲು ತಜ್ಞರಿರುವ ಆಸ್ಪತ್ರೆಗೆ ಕಳುಹಿಸಲು ಆಶಾ ಕಾರ್ಯಕರ್ತೆಯರ ನೆರವು ಪಡೆಯಬೇಕು. ತಜ್ಞರು ಧ್ವನಿತಂತುಗಳನ್ನು ಕಿರುಗನ್ನಡಿ ಅಥವಾ ದರ್ಶಕ ನಳಿಕೆಯಿಂದ ಕೆಲವೇ ನಿಮಿಷಗಳಲ್ಲಿ ನೋಡಬಲ್ಲರು. ಖರ್ಚಿಗೆ ಹೆದರಿ ಹಿಂಜರಿಯುವವರಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯನ್ನು ವಿವರಿಸಬೇಕು. ಬಿ.ಪಿ.ಎಲ್. ಕುಟುಂಬಗಳಿಗೆ ನಿಗದಿತ ಚಿಕಿತ್ಸೆಗಳಿಗಾಗಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವು ಇದರಲ್ಲಿದೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಧ್ವನಿ ಚಿಕಿತ್ಸೆ ಲಭ್ಯವಿದೆ.

ಚರ್ಚೆಗೆ: ತಮ್ಮ ವಾರ್ಡಿನಲ್ಲಿ ಮೂರು ವಾರಕ್ಕೂ ಮೇಲ್ಪಟ್ಟು ಧ್ವನಿ ಕಟ್ಟಿರುವವರು ಯಾರಾದರೂ ಇದ್ದಾರೆಯೇ? ಅವರು ತಪಾಸಣೆ ಮಾಡಿಸಿಕೊಂಡಿದ್ದಾರೆಯೇ? ಇಲ್ಲವಾದರೆ ಅಡ್ಡಿಯೇನು? ಸದಸ್ಯರು ಮುಂದಿನ ಸಭೆಗೆ ಮೊದಲು ವಿಚಾರಿಸಿ ತಿಳಿಯುವುದು.