ಅಪ್ಪನ ಕಂಪ್ಯೂಟರಿಗೆ ಮೇಲ್ ಹಚ್ಚಿಕೊಡುವ ಹುಡುಗರಿಗೆ

ದೀಪಾವಳಿಗೆ ಬೆಂಗಳೂರಿಂದ ಬರುತ್ತೀರಿ, ಹೋಳಿಗೆ ಉಣ್ಣುತ್ತೀರಿ, ಅಪ್ಪನ ಕಂಪ್ಯೂಟರಿಗೆ ಹತ್ತು ನಿಮಿಷದಲ್ಲಿ ಮೇಲ್ ಹಚ್ಚಿಕೊಟ್ಟು ರಾತ್ರಿ ಬಸ್ಸು ಹತ್ತುತ್ತೀರಿ. ಮರುದಿನ ಅದು ಮುನಿಸಿಕೊಂಡರೆ ಆ ಹಿರಿಯರು ಬಡಿಯುವುದು ನನ್ನ ಬಾಗಿಲು. ಅದಕ್ಕೇ ಈ ಕಿವಿಮಾತು, ತಮ್ಮಾ.

• ಪಾಪ್ ಬೇಡ, ಐಮ್ಯಾಪ್ ಹಚ್ಚು. ಪಾಪ್ ಅಂದರೆ ‘ಪೋಸ್ಟ್ ಆಫೀಸ್ ಪ್ರೊಟೊಕಾಲ್’. ಹೆಸರಿನಂತೆ ಅದು ಟಪಾಲು ಕಚೇರಿಗೆ ಹೋಗಿ ಪತ್ರ ಇಸಕೊಂಡು ಬರುತ್ತದೆ; ‘ಸರ್ವರಿನಲ್ಲಿ ಪ್ರತಿ ಇರಲಿ’ ಎಂಬಲ್ಲಿ ಟಿಕ್ ಇಲ್ಲದಿದ್ದರೆ ಅಲ್ಲಿ ಏನೂ ಉಳಿಯುವುದಿಲ್ಲ. ನನಗೆ ಹಾಗೇ ಆಯಿತು. ಟಿಕ್ ಹಾಕಿರಲಿಲ್ಲ, ಹಾರ್ಡ್ ಡಿಸ್ಕ್ ಕಟಕಟ ಅಂದು ಸತ್ತಿತು, ಮಗಳು ಪುಣೆಯಿಂದ ಬರೆದ ನಾಲ್ಕು ವರ್ಷದ ಪತ್ರಗಳೂ ಜೊತೆಗೇ ಹೋದವು. ತಪ್ಪು ನನ್ನದೇ. ಐಮ್ಯಾಪ್‌ನಲ್ಲಿ ಮೂಲಪ್ರತಿ ಸರ್ವರಿನಲ್ಲೇ ಇರುತ್ತದೆ. ಆದರೆ ಇಲ್ಲಿ ಅಳಿಸಿದರೆ ಫೋನಿನಲ್ಲೂ ಅಳಿಯುತ್ತದೆ. ಇದನ್ನು ಅಪ್ಪನಿಗೆ ಎರಡು ಸಲ ಹೇಳು.

• ಥಂಡರ್‌ಬರ್ಡ್‌ಗೆ ದುಡ್ಡಿಲ್ಲ. ಜಿಮೇಲ್ ವಿಳಾಸ ಕೊಟ್ಟರೆ ಬಾಕಿಯದನ್ನು ತಾನೇ ತುಂಬಿಕೊಳ್ಳುತ್ತದೆ. ಕೈಯಿಂದ ತುಂಬುವುದಾದರೆ ಪೋರ್ಟ್ ನಂಬರ್ ಬರುವ ಮೇಲಿಗೆ 993, ಹೋಗುವುದಕ್ಕೆ 465 ಇಲ್ಲವೆ 587. ಹಳೇ ಚೀಟಿಯಲ್ಲಿ ಪಾಪ್‌ನ 110 ಎಂದಿದ್ದರೆ ಆ ಚೀಟಿ ಹರಿ.

• ಗೂಗಲ್‌ನ ಕಿಟಕಿ ತೆರೆದರೆ ಪಾಸ್‌ವರ್ಡ್ ಅಲ್ಲೇ ಕೊಡು. ಹಳೇ ಸಾಫ್ಟ್‌ವೇರ್ ಆದರೆ ಎರಡು ಹಂತದ ಪರಿಶೀಲನೆ ಚಾಲೂ ಮಾಡಿ, 16 ಅಕ್ಷರದ ಆ್ಯಪ್ ಪಾಸ್‌ವರ್ಡ್ ತೆಗೆಯಬೇಕು. ಓಟಿಪಿಗೆ ಅಪ್ಪನ ನಂಬರ್ ಇಡು. ನಿನ್ನದಿಟ್ಟರೆ ನೀ ಮೀಟಿಂಗಿನಲ್ಲಿದ್ದಾಗ ಇಲ್ಲಿ ಬೀಗ.

• ಹಾನಗಲ್ಲಿನವರು ತಾರಕೇಶ್ವರ, ಶಿಗ್ಗಾಂವಿಯವರು ಕನಕ, ಸವಣೂರಿನವರು ದೊಡ್ಡಹುಣಸೆ, ಹಿರೇಕೆರೂರಿನವರು ದುರ್ಗಾದೇವಿ ಎಂದು ತಂತಮ್ಮ ಊರಿನ ಹೆಮ್ಮೆಯನ್ನೇ ಪಾಸ್‌ವರ್ಡ್ ಇಟ್ಟರೆ ಊರ ಹುಡುಗರಿಗೆ ಮೂರು ನಿಮಿಷದ ಕೆಲಸ. ಭಕ್ತಿ ಗುಡಿಯಲ್ಲಿರಲಿ. ಬರೆದ ಚೀಟಿ ಹೊಲದ ಉತಾರದ ಜೊತೆ ಕಪಾಟಿನಲ್ಲಿರಲಿ, ಮಾನಿಟರಿನ ಅಂಚಿಗೆ ಅಂಟಿಸಬೇಡ.

• ಹಳೇ ಪೆಟ್ಟಿಗೆಯ ಮದರ್‌ಬೋರ್ಡಿನಲ್ಲಿ ನಾಣ್ಯದಂಥ ಒಂದು ಸೆಲ್ ಇರುತ್ತದೆ. ಅದು ಸತ್ತಿದ್ದರೆ ಕರೆಂಟು ಹೋಗಿ ಬಂದಾಗ ತಾರೀಖು ವರ್ಷಗಟ್ಟಲೆ ಹಿಂದೆ ಓಡುತ್ತದೆ. ಆಗ ಸರ್ವರಿನ ಸರ್ಟಿಫಿಕೇಟು ಕಂಪ್ಯೂಟರಿಗೆ ಸುಳ್ಳೆನಿಸಿ ಮೇಲ್ ಬರುವುದೇ ನಿಲ್ಲುತ್ತದೆ. ಅಪ್ಪ ಪಾಸ್‌ವರ್ಡ್ ಬದಲಿಸುತ್ತಾ ಕೂಡುತ್ತಾರೆ! ಮೊದಲು ಗಡಿಯಾರ ನೋಡು, ಆಮೇಲೆ ಸೆಲ್ ಬದಲಿಸು. ಹೆಸರು ಸಿಆರ್ 2032, ಗಡಿಯಾರದ ಅಂಗಡಿಯಲ್ಲೂ ಕೇಳಬಹುದು.

• ಹಳೇ ನುಡಿ ಅಕ್ಷರದಲ್ಲಿ ಬರೆದ ಪತ್ರ ಕೆಲವು ಸಲ ಗೀಚಿದಂತೆ ಕಾಣುತ್ತದೆ. ಮೇಲ್ ಕೆಟ್ಟಿಲ್ಲ, ಅದು ಯೂನಿಕೋಡ್ ಅಲ್ಲ ಅಷ್ಟೇ. ಕಳಿಸಿದವರಿಗೆ ಯೂನಿಕೋಡಿನಲ್ಲಿ ಕಳಿಸಿ ಎನ್ನು.

• ಜಿಮೇಲಿನ ಪುಕ್ಕಟೆ ಜಾಗ 15 ಜಿಬಿ, ಅದರಲ್ಲೇ ಫೋಟೋಗಳೂ ಪಾಲುದಾರರು. ಮದುವೆ ಫೋಟೋ ತುಂಬಿದರೆ ಬ್ಯಾಂಕಿನ ಮೇಲ್ ವಾಪಸ್ ಹೋಗುತ್ತದೆ.

ಬಸ್ ಹತ್ತುವ ಮುಂಚೆ ಕಂಪ್ಯೂಟರ್ ಒಮ್ಮೆ ಬಂದ್ ಮಾಡಿ ಚಾಲೂ ಮಾಡು. ಅಪ್ಪನ ಬೆರಳಿನಿಂದಲೇ ನಿನಗೊಂದು ಮೇಲ್ ಬರಲಿ, ಅದಕ್ಕೆ ಅಲ್ಲೇ ನಿಂತು ಉತ್ತರ ಬರಿ, ಅದು ಅವರ ಪರದೆಯ ಮೇಲೆ ಬಂದದ್ದನ್ನು ನೋಡಿಯೇ ಹೊರಡು.