ಪಲ್ಸ್ ಚಾರ್ಜರ್ ಕಟ್ಟಿದ್ದು, ಮೀಟರ್ ನಂಬಿ ಕೆಟ್ಟಿದ್ದು

ನಮ್ಮ ಬೀದಿಯ ಗ್ಯಾರೇಜಿನವರು ಗುಜರಿಗೆ ಹಾಕಲು ಎತ್ತಿಟ್ಟಿದ್ದ ಎರಡು ಕಾರ್ ಬ್ಯಾಟರಿಗಳನ್ನು ಕೇಳಿ ತಂದೆ. 12 ವೋಲ್ಟ್, 35 ಆಂಪಿಯರ್-ಅವರ್. ಪ್ಲೇಟಿಗೆ ಸಲ್ಫೇಟ್ ಕಟ್ಟಿದ ಬ್ಯಾಟರಿಗೆ ಪಲ್ಸ್ ಕೊಟ್ಟರೆ ಎದ್ದು ಕೂರುತ್ತದೆ ಎಂದು ಕೇಳಿದ್ದೆ. ಕಟ್ಟಿ ನೋಡಿದೆ.

1. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ 15 ವೋಲ್ಟಿನ ಟ್ರಾನ್ಸ್‌ಫಾರ್ಮರ್ ಕೊಂಡರೆ ಸಿಗುವುದು 15 ಅಲ್ಲ. ಬ್ರಿಜ್, ಕೆಪಾಸಿಟರ್ ದಾಟುವಷ್ಟರಲ್ಲಿ ಅದು 20ರ ಆಸುಪಾಸು. ಪಲ್ಸ್ ಹುಟ್ಟಿಸುವ 555 ಟೈಮರ್ ತಾಳುವುದು 16ರವರೆಗೆ. ನನ್ನ ಮೊದಲ 555 ಒಂದು ಎಳೆ ಹೊಗೆ ಬಿಟ್ಟು ಹೋಯಿತು. ಎರಡನೆಯದಕ್ಕೆ 7812 ರೆಗ್ಯುಲೇಟರ್ ಹಾಕಿದೆ.

2. ಕಾಯಿಲ್‌ನಲ್ಲಿ ಹರಿಯುವ ಕರೆಂಟನ್ನು 555 ಆಡಿಸುವ ಮಾಸ್ಫೆಟ್ ತಟ್ಟನೆ ಕಡಿದರೆ ಆ ಕರೆಂಟಿಗೆ ಹೋಗಲು ದಾರಿ ಬೇಕು, ಇಲ್ಲದಿದ್ದರೆ ವೋಲ್ಟೇಜ್ ಚಿಮ್ಮಿ ಮಾಸ್ಫೆಟ್ಟನ್ನೇ ಬಲಿ ಪಡೆಯುತ್ತದೆ. ಆ ದಾರಿಗೆಂದು ಕೈಗೆ ಸಿಕ್ಕ 1ಎನ್5408 ಡಯೋಡ್ ಹಾಕಿದೆ. ಮೂರು ಆಂಪಿಯರಿನದು, ಸಾಕಲ್ಲ ಅಂದುಕೊಂಡೆ. 50 ಹರ್ಟ್ಸಿಗೆ ಸಾಕು. ಸೆಕೆಂಡಿಗೆ 20 ಸಾವಿರ ಸಲ ಸ್ವಿಚ್ ಮಾಡಿದಾಗ ಅದು ಮುಚ್ಚಿಕೊಳ್ಳುವಷ್ಟರಲ್ಲಿ ಮುಂದಿನ ಪಲ್ಸ್ ಬಂದಿರುತ್ತದೆ. ಬೆರಳಿಟ್ಟರೆ ಸುಟ್ಟಿತು. 1ಎನ್5822 ಷಾಟ್ಕಿ ಹಾಕಿದ ಮೇಲೆ ತಣ್ಣಗಾಯಿತು.

3. ನಾನು ಬೇಸ್ತುಬಿದ್ದದ್ದು ಇಲ್ಲಿ. ಚಾರ್ಜಿಗಿಟ್ಟ ಹತ್ತೇ ನಿಮಿಷಕ್ಕೆ ಮಲ್ಟಿಮೀಟರ್ 13.8 ತೋರಿಸಿತು. ಮನೆಯವಳನ್ನು ಕರೆದು ತೋರಿಸಿದ್ದೂ ಆಯಿತು. 55 ವ್ಯಾಟಿನ ಹೆಡ್‌ಲೈಟ್ ಬಲ್ಬ್ ಸಿಕ್ಕಿಸಿದರೆ ಐದು ನಿಮಿಷಕ್ಕೆ ಕೆಂಡದ ಬಣ್ಣ. ಸಲ್ಫೇಟ್ ಕಟ್ಟಿದ ಪ್ಲೇಟಿನ ಪ್ರತಿರೋಧ ಹೆಚ್ಚು. ಸ್ವಲ್ಪ ಕರೆಂಟ್ ತಳ್ಳಿದರೂ ವೋಲ್ಟೇಜ್ ಏರುತ್ತದೆ, ಒಳಗೇನೂ ಸೇರಿರುವುದಿಲ್ಲ. ಸಾಲದ್ದಕ್ಕೆ ಪಲ್ಸ್ ಓಡುವಾಗ ಮೀಟರ್ ಹೇಳುವುದು ಬರೀ ಸರಾಸರಿ. ಆಮೇಲಿನಿಂದ ಚಾರ್ಜರ್ ಕಳಚಿ, ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಅಳೆಯತೊಡಗಿದೆ. ಆಗಲೂ 12.6 ಇದ್ದರೆ ಮಾತ್ರ ನಂಬಿಕೆ, ಅದೂ ಬಲ್ಬ್ ಉರಿಸಿ 10.5ಕ್ಕೆ ಇಳಿಯುವವರೆಗೆ ಗಡಿಯಾರ ನೋಡಿದ ಮೇಲೆ.

4. ಆರು ಸೆಲ್‌ಗೂ ಹೈಡ್ರೊಮೀಟರ್ ಇಳಿಸಿ. ಮೊದಲ ದಿನವೇ ಮಾಡಬೇಕಿದ್ದ ಕೆಲಸವನ್ನು ನಾನು ಮೂರನೇ ವಾರ ಮಾಡಿದೆ. ಪಲ್ಸ್ ಕೊಟ್ಟ ಬ್ಯಾಟರಿಯಲ್ಲಿ ಐದು ಸೆಲ್ 1.230ಕ್ಕೆ ಬಂದಿದ್ದವು, ಆರನೆಯದು 1.100ರಲ್ಲೇ ಕೂತಿತ್ತು. ಪ್ಲೇಟು ಪ್ಲೇಟಿಗೆ ತಾಗಿದ ಅಂಥ ಸೆಲ್ಲನ್ನು ಯಾವ ಪಲ್ಸೂ ಎಬ್ಬಿಸದು.

5. ನೀರು ಕಮ್ಮಿಯಾದರೆ ಡಿಸ್ಟಿಲ್ಡ್ ವಾಟರ್ ಮಾತ್ರ, ಆಸಿಡ್ ಬೇಡ. ಒಳಗಿನ ಆಸಿಡ್ ಸಿಡಿಯುತ್ತದೆ, ಹಳೇ ಪಂಚೆ ಉಟ್ಟು ಕೂತುಕೊಳ್ಳಿ. ನನ್ನ ಒಳ್ಳೆಯ ಪಂಚೆ ಒಗೆದು ಬಂದಾಗ ಜಾಲರಿಯಾಗಿತ್ತು.

6. 14.4 ದಾಟಿದರೆ ಬ್ಯಾಟರಿ ಗುಳುಗುಳು ಕುದಿಯುತ್ತದೆ, ಹೈಡ್ರೋಜನ್ ಬಿಡುತ್ತದೆ. ಗಾಳಿಯಲ್ಲಿ ಅದು ನೂರಕ್ಕೆ ನಾಲ್ಕು ಪಾಲಾದರೆ ಒಂದು ಕಿಡಿ ಸಾಕು. ಕಿಟಕಿ ತೆಗೆದಿಡಿ, ಮೇನ್ಸ್ ಆರಿಸಿ ಆಮೇಲೆ ಕ್ಲಿಪ್ ಮುಟ್ಟಿ. ತಾನಾಗಿ ನಿಲ್ಲುವ ವ್ಯವಸ್ಥೆಗೆ 555ರ ನಾಲ್ಕನೇ ಪಿನ್ ಅನುಕೂಲ: ಅದನ್ನು ಗ್ರೌಂಡಿಗೆ ಎಳೆದು ಎರಡು ಸೆಕೆಂಡ್ ಪಲ್ಸ್ ನಿಲ್ಲಿಸಿ, ಆ ಬಿಡುವಿನಲ್ಲಿ ವೋಲ್ಟೇಜ್ ಓದಿಸಿದೆ.

7. ಹೋಲಿಕೆಗೆ ಇನ್ನೊಂದಿರಲಿ. ಎರಡನೇ ಬ್ಯಾಟರಿಗೆ ಪಲ್ಸ್ ಕೊಡದೆ, ಮಾಮೂಲಿ ಚಾರ್ಜರಿನಿಂದ ಒಂದೇ ಆಂಪಿಯರ್ ಹರಿಸಿ ಎರಡು ದಿನ ಬಿಟ್ಟೆ. ಮೂರು ಸಲ ಹೀಗೆ. ಬಲ್ಬ್ ಎರಡು ಗಂಟೆ ಉರಿಯಿತು. ಹೊಸದಾದರೆ ಏಳು ಗಂಟೆಯ ಹತ್ತಿರ ಉರಿಯಬೇಕು. ಪಲ್ಸ್ ಕೊಟ್ಟದ್ದು ಮುಕ್ಕಾಲು ಗಂಟೆಯನ್ನೂ ಮುಟ್ಟಲಿಲ್ಲ, ಆದರೆ ಅದರ ಒಂದು ಸೆಲ್ ಸತ್ತಿತ್ತು, ಹಾಗಾಗಿ ಈ ಹೋಲಿಕೆ ನ್ಯಾಯವಲ್ಲ. ಸಮನಾದ ಇನ್ನೊಂದು ಜೋಡಿ ಸಿಕ್ಕರೆ ತೆಗೆದಿಡಿ ಎಂದು ಗ್ಯಾರೇಜಿನವರಿಗೆ ಹೇಳಿಟ್ಟಿದ್ದೇನೆ.