ಮಾತನಾಡುವ ಯಂತ್ರವೂ ಅದರ ಪಕ್ಷಪಾತವೂ

ಯಂತ್ರವು ಮಾತನಾಡುವದು ಈಗಿನ ವಿದ್ಯಾರ್ಥಿನಿಯರಿಗೆ ಆಶ್ಚರ್ಯದ ಸಂಗತಿಯಲ್ಲ. ಮೊಬೈಲ್ ಫೋನನ್ನು ಕೈಯಲ್ಲಿ ಹಿಡಿದು, ‘ನಾಳೆ ಮಳೆ ಬರುವದೋ?’ ಎಂದು ಕೇಳಿದರೆ ಅದು ಕೂಡಲೇ ಉತ್ತರ ಕೊಡುವದು. ಸಿರಿ, ಅಲೆಕ್ಸಾ ಮೊದಲಾದ ಹೆಸರುಳ್ಳ ಈ ಧ್ವನಿ ಸಹಾಯಕಗಳನ್ನು ಉಪಯೋಗಿಸುವದನ್ನು ಮಕ್ಕಳಿಗೆ ಯಾರೂ ಕಲಿಸಬೇಕಾದದ್ದಿಲ್ಲ. ಅವುಗಳ ಉತ್ತರವನ್ನು ಪರೀಕ್ಷಿಸುವ ಬಗೆಯನ್ನು ಮಾತ್ರ ಶಾಲೆಯಲ್ಲಿ ಕಲಿಸತಕ್ಕದ್ದೆಂದು ನಾವು ತಿಳಿಯುತ್ತೇವೆ. ಯಾಕಂದರೆ ‘ಯಂತ್ರಕ್ಕೆ ರಾಗದ್ವೇಷಗಳಿಲ್ಲ, ಆದಕಾರಣ ಅದು ಹೇಳಿದ್ದೆಲ್ಲ ನ್ಯಾಯವೇ’ ಎಂಬ ಭಾವನೆಯು ದೊಡ್ಡವರಲ್ಲಿಯೂ ಉಂಟು. ಈ ಭಾವನೆಯು ಎಷ್ಟರ ಮಟ್ಟಿಗೆ ಸರಿಯೆಂಬದನ್ನು ಈ ಪಾಠದಲ್ಲಿ ವಿಚಾರಿಸೋಣ.

ಅಂಗಡಿಯ ತಕ್ಕಡಿಯನ್ನು ದೃಷ್ಟಾಂತವಾಗಿ ತೆಗೆದುಕೊಳ್ಳಿರಿ. ತಕ್ಕಡಿಗೆ ಕೊಳ್ಳುವವರ ಮೇಲೆ ದ್ವೇಷವೂ ಇಲ್ಲ, ಮಾರುವವರ ಮೇಲೆ ಪ್ರೀತಿಯೂ ಇಲ್ಲ. ಆದರೂ ತೂಕದ ಕಲ್ಲು ಸವೆದಿದ್ದರೆ ಕೊಳ್ಳುವವರಿಗೆ ಪ್ರತಿದಿನವೂ ನಷ್ಟವೇ. ಕೃತಕ ಬುದ್ಧಿಮತ್ತೆಯ ಸ್ಥಿತಿಯೂ ಹೀಗೆಯೇ. ಮೊದಲಿನ ಯಂತ್ರಗಳಿಗೆ ಮನುಷ್ಯರು ಒಂದೊಂದು ನಿಯಮವನ್ನೂ ಬರೆದು ಕೊಡುತ್ತಿದ್ದರು. ಈಗಿನ ಯಂತ್ರವಾದರೋ ಲಕ್ಷಾಂತರ ಮಾದರಿಗಳನ್ನು ನೋಡಿ, ಅವುಗಳಲ್ಲಿ ಹೆಚ್ಚಾಗಿ ಕಂಡುಬರುವ ರೀತಿಯನ್ನು ಗ್ರಹಿಸಿ, ಅದರಂತೆ ನಿರ್ಣಯಿಸುವದು. ಆ ಮಾದರಿಗಳೇ ಅದರ ತೂಕದ ಕಲ್ಲುಗಳು.

ಇದನ್ನು ತರಗತಿಯಲ್ಲಿಯೇ ತೋರಿಸಿಕೊಡಬಹುದು. ಅಮೇರಿಕದ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಮೀಡಿಯಾ ಲ್ಯಾಬಿನಲ್ಲಿ ಬ್ಲೇಕ್ಲಿ ಪೇನ್ ಎಂಬವರು 2019ರಲ್ಲಿ ಶಾಲೆಯ ಮಕ್ಕಳಿಗೋಸ್ಕರ ಒಂದು ಪಾಠಕ್ರಮವನ್ನು ರಚಿಸಿದರು. ಅದರಲ್ಲಿ ಮಕ್ಕಳು ಚಿತ್ರಗಳ ಮೂಲಕ ಬೆಕ್ಕು ನಾಯಿಗಳ ಭೇದವನ್ನು ಯಂತ್ರಕ್ಕೆ ಕಲಿಸುತ್ತಾರೆ. ಬೆಕ್ಕಿನ ಚಿತ್ರಗಳು ಬಹಳ, ನಾಯಿಯವು ಸ್ವಲ್ಪ. ಆದಕಾರಣ ಯಂತ್ರವು ಬೆಕ್ಕನ್ನು ಚೆನ್ನಾಗಿ ಗುರುತಿಸಿ, ನಾಯಿಯ ವಿಷಯದಲ್ಲಿ ಹೆಚ್ಚು ತಪ್ಪುವದು. ಯಂತ್ರಕ್ಕೆ ನಾಯಿಯ ಮೇಲೆ ಹಗೆಯೇ? ಇಲ್ಲ. ಅದು ನಾಯಿಗಳನ್ನು ಸಾಕಷ್ಟು ಕಂಡಿಲ್ಲ, ಅಷ್ಟೇ. ಬಳಿಕ ಮಕ್ಕಳು ತಾವೇ ಮಾದರಿಗಳನ್ನು ತಿದ್ದಿ ಪುನಃ ಕಲಿಸುತ್ತಾರೆ.

ಬೆಕ್ಕು ನಾಯಿಗಳ ವಿಷಯದಲ್ಲಿ ಇದು ವಿನೋದವಾಗಿ ಕಂಡೀತು. ಮನುಷ್ಯರ ವಿಷಯದಲ್ಲಿ ಹಾಗಲ್ಲ. ಜಾಯ್ ಬುವೊಲಮ್‌ವಿನಿ, ಟಿಮ್ನಿಟ್ ಗೆಬ್ರು ಎಂಬ ಇಬ್ಬರು ಸ್ತ್ರೀಯರು 2018ರಲ್ಲಿ, ಮುಖವನ್ನು ನೋಡಿ ಗಂಡೋ ಹೆಣ್ಣೋ ಎಂದು ಹೇಳುವ ಮೂರು ಕಂಪೆನಿಗಳ ಯಂತ್ರಗಳನ್ನು ಪರೀಕ್ಷಿಸಿದರು. ಬಿಳಿ ಮೈಬಣ್ಣದ ಪುರುಷರ ವಿಷಯದಲ್ಲಿ ತಪ್ಪುಗಳು ನೂರಕ್ಕೆ ಒಂದನ್ನೂ ಮುಟ್ಟಲಿಲ್ಲ. ಕಪ್ಪು ಮೈಬಣ್ಣದ ಸ್ತ್ರೀಯರ ವಿಷಯದಲ್ಲಿಯೋ ಒಂದು ಯಂತ್ರವು ನೂರಕ್ಕೆ ಸುಮಾರು 35 ಸಾರಿ ತಪ್ಪಿತು.

ಇನ್ನೊಂದು ಸಂಗತಿಯು ಹೆಣ್ಣುಮಕ್ಕಳ ಶಾಲೆಯವರಾದ ನಾವು ವಿಶೇಷವಾಗಿ ಗಮನಿಸತಕ್ಕದ್ದು. ಅಮೆಜಾನ್ ಕಂಪೆನಿಯವರು 2014ರಿಂದ, ಕೆಲಸಕ್ಕೆ ಬಂದ ಅರ್ಜಿಗಳನ್ನು ಆರಿಸುವ ಒಂದು ಯಂತ್ರಕ್ರಮವನ್ನು ಸಿದ್ಧಪಡಿಸುತ್ತಿದ್ದರು. ಹಿಂದಿನ ಹತ್ತು ವರ್ಷಗಳ ಅರ್ಜಿಗಳೇ ಅದರ ಮಾದರಿಗಳು; ಅವುಗಳಲ್ಲಿ ಹೆಚ್ಚಿನವು ಪುರುಷರವು. ಅದನ್ನು ನೋಡಿ ಯಂತ್ರವು ಪುರುಷರೇ ಯೋಗ್ಯರೆಂದು ಕಲಿತುಕೊಂಡಿತು. ಅರ್ಜಿಯಲ್ಲಿ ‘ಮಹಿಳೆಯರ’ ಎಂಬರ್ಥದ ಶಬ್ದವು ಕಂಡರೆ ಅಂಕ ಕಡಿಮೆ. ಎರಡು ಮಹಿಳಾ ಕಾಲೇಜುಗಳಲ್ಲಿ ಓದಿದವರಿಗೂ ಅಂಕ ಕಡಿಮೆ. ತಿದ್ದಿದರೂ ನಂಬಿಕೆ ಬಾರದೆ ಕಂಪೆನಿಯವರು ಅದನ್ನು ಕೈಬಿಟ್ಟರು. ಇದು 2018ರಲ್ಲಿ ಲೋಕಕ್ಕೆ ತಿಳಿಯಿತು. ಹಿಂದೆ ನಡೆದದ್ದನ್ನೇ ಯಂತ್ರವು ಮುಂದೆ ನಡೆಯತಕ್ಕ ನಿಯಮವನ್ನಾಗಿ ಮಾಡಿಬಿಡುವದೆಂಬದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಡ.

ಈಗ ಧ್ವನಿಯ ವಿಷಯಕ್ಕೆ ಬರೋಣ. ಮಾತನ್ನು ಕೇಳಿ ಬರಹಕ್ಕೆ ಇಳಿಸುವ ಐದು ಕಂಪೆನಿಗಳ ಯಂತ್ರಗಳನ್ನು ಅಮೇರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಪರೀಕ್ಷಿಸಿ, ಫಲವನ್ನು 2020ರಲ್ಲಿ ಪ್ರಕಟಿಸಿದರು. ಬಿಳಿಯರು ಆಡಿದ ನೂರು ಶಬ್ದಗಳಲ್ಲಿ ಸರಾಸರಿ 19 ತಪ್ಪಾದರೆ, ಕರಿಯರು ಆಡಿದ ನೂರರಲ್ಲಿ 35 ತಪ್ಪಾದವು. ಇಬ್ಬರ ಭಾಷೆಯೂ ಇಂಗ್ಲಿಷೇ. ಯಂತ್ರದ ಕಿವಿಗೆ ಒಂದು ಬಗೆಯ ಉಚ್ಚಾರವು ಹೆಚ್ಚು ಪರಿಚಿತ, ಇನ್ನೊಂದು ಅಪರಿಚಿತ.

ಯಂತ್ರವು ಕೇಳುವ ರೀತಿಯಂತೆಯೇ ಅದು ಮಾತನಾಡುವ ರೀತಿಯೂ ವಿಚಾರಕ್ಕೆ ಯೋಗ್ಯವಾದದ್ದು. ಅನೇಕ ಧ್ವನಿ ಸಹಾಯಕಗಳಿಗೆ ಹೆಣ್ಣಿನ ಹೆಸರನ್ನೂ ಹೆಣ್ಣಿನ ದನಿಯನ್ನೂ ಕೊಟ್ಟದ್ದೇಕೆ? ಬೈದರೂ ಅವು ವಿನಯದಿಂದಲೇ ಉತ್ತರಿಸುತ್ತಿದ್ದದ್ದೇಕೆ? ಯುನೆಸ್ಕೋ ಸಂಸ್ಥೆಯು 2019ರ ತನ್ನ ವರದಿಯಲ್ಲಿ ಈ ಪ್ರಶ್ನೆಗಳನ್ನು ಎತ್ತಿತು. ಅಪ್ಪಣೆ ಕೊಡುವದು ಒಬ್ಬರ ಕೆಲಸ, ತಲೆಬಾಗಿ ನಡೆಸುವದು ಹೆಣ್ಣಿನ ಕೆಲಸ ಎಂಬ ಹಳೆಯ ಪಾಠವನ್ನು ಮಕ್ಕಳು ಇದರಿಂದ ಪುನಃ ಕಲಿಯಬಾರದಷ್ಟೆ. ಆಪಲ್ ಕಂಪೆನಿಯವರು 2021ರಲ್ಲಿ, ಇಂಗ್ಲಿಷಿನ ಸಿರಿಗೆ ಹೆಣ್ಣುದನಿಯನ್ನೇ ತಾವಾಗಿ ಕೊಡುವ ಪದ್ಧತಿಯನ್ನು ಬಿಟ್ಟು, ಆಯ್ಕೆಯನ್ನು ಉಪಯೋಗಿಸುವವರಿಗೇ ಒಪ್ಪಿಸಿದರು.

ನಮ್ಮ ಕನ್ನಡದಲ್ಲಿ ಒಂದು ಸುಲಭವಾದ ಪರೀಕ್ಷೆಯುಂಟು. ‘ಅವರು’ ಎಂಬ ಶಬ್ದವು ಗಂಡಿಗೂ ಸಲ್ಲುವದು, ಹೆಣ್ಣಿಗೂ ಸಲ್ಲುವದು. ‘ಅವರು ಇಂಜಿನಿಯರು’, ‘ಅವರು ಅಡಿಗೆ ಮಾಡುತ್ತಾರೆ’ ಎಂಬ ವಾಕ್ಯಗಳನ್ನು ಯಂತ್ರದಿಂದ ಇಂಗ್ಲಿಷಿಗೆ ಭಾಷಾಂತರಿಸಿ, ಯಾರನ್ನು ಗಂಡಾಗಿ, ಯಾರನ್ನು ಹೆಣ್ಣಾಗಿ ಅದು ಎಣಿಸುವದೆಂದು ಬರೆದಿಟ್ಟುಕೊಳ್ಳಿರಿ. ತುರ್ಕಿ ಭಾಷೆಯಲ್ಲಿಯೂ ಹೀಗೆ ಲಿಂಗಭೇದವಿಲ್ಲದ ಸರ್ವನಾಮವಿದೆ. ಗೂಗಲ್ ಯಂತ್ರವು ಆ ಭಾಷೆಯ ವೈದ್ಯರನ್ನು ಗಂಡಾಗಿಯೂ ದಾದಿಯನ್ನು ಹೆಣ್ಣಾಗಿಯೂ ಭಾಷಾಂತರಿಸಿದ್ದನ್ನು ಸಂಶೋಧಕರು 2017ರಲ್ಲಿ ತೋರಿಸಿದರು. ಮರುವರ್ಷ ಕಂಪೆನಿಯವರು ಅಂಥ ವಾಕ್ಯಗಳಿಗೆ ಎರಡು ಉತ್ತರಗಳನ್ನೂ ಕೊಡುವ ಏರ್ಪಾಡು ಮಾಡಿದರು. ಪ್ರಶ್ನಿಸುವವರು ಇದ್ದರೆ ಯಂತ್ರವು ತಿದ್ದಲ್ಪಡುವದೆಂದು ಇದರಿಂದ ತಿಳಿಯಬೇಕು.

ಧಾರವಾಡದ ಕನ್ನಡವೇ ಬೇರೆ, ಮಂಗಳೂರಿನದೇ ಬೇರೆ, ಚಾಮರಾಜನಗರದ್ದೇ ಬೇರೆ. ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಉರ್ದುವನ್ನೋ ಆಡುವ ಹುಡುಗಿಯ ಕನ್ನಡಕ್ಕೆ ಅದರದೇ ಒಂದು ಧಾಟಿಯುಂಟು. ಯಂತ್ರವು ತನ್ನ ಮಾತನ್ನು ತಿಳಿಯದೆಹೋದಾಗ ಆಕೆಯು, ‘ನನ್ನ ಉಚ್ಚಾರವೇ ಸರಿಯಲ್ಲ’ ಎಂದು ನಾಚಿ ಸುಮ್ಮನಾಗಬಾರದು. ಕೊರತೆಯು ಆಕೆಯ ನಾಲಗೆಯಲ್ಲಿಲ್ಲ. ಆಕೆಯಂಥವರ ದನಿಯನ್ನು ಕೇಳದೆ ಕಲಿತ ಯಂತ್ರದಲ್ಲಿದೆ. ಈ ಕೊರತೆಯನ್ನು ತುಂಬುವದಕ್ಕಾಗಿಯೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಆರ್ಟ್‌ಪಾರ್ಕ್, ಗೂಗಲ್ ಸಂಸ್ಥೆಗಳೊಡನೆ ಕೂಡಿ, ‘ವಾಣಿ’ ಎಂಬ ಯೋಜನೆಯ ಮೂಲಕ ಜಿಲ್ಲೆ ಜಿಲ್ಲೆಯ ಜನರ ಮಾತನ್ನು ಸಂಗ್ರಹಿಸಲು ತೊಡಗಿದರು.

ಆದಕಾರಣ ಪ್ರತಿಯೊಬ್ಬ ವಿದ್ಯಾರ್ಥಿನಿಯೂ ಯಂತ್ರದ ಉತ್ತರವನ್ನು ಸ್ವೀಕರಿಸುವ ಮೊದಲು ಮೂರು ಪ್ರಶ್ನೆಗಳನ್ನು ಕೇಳಲಿ. ಇದಕ್ಕೆ ಕಲಿಸಿದ ಮಾದರಿಗಳು ಯಾರವು? ಅವುಗಳಲ್ಲಿ ಸೇರದೆ ಉಳಿದವರು ಯಾರು? ತಪ್ಪಾದರೆ ಅದರ ನಷ್ಟವು ಯಾರಿಗೆ? ಆ ನಷ್ಟವು ಒಬ್ಬರ ಜೀವನಕ್ಕೇ ತಟ್ಟುವಂಥದಾದರೆ, ಆ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಬಹುದೋ ಎಂಬದನ್ನೂ ವಿಚಾರಿಸತಕ್ಕದ್ದು. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂಬದು ನಮ್ಮ ಹಿರಿಯರ ಗಾದೆ; ಯಂತ್ರದಿಂದ ಕೇಳಿದ್ದಕ್ಕೂ ಅದು ಸಲ್ಲುವದು. ಯಂತ್ರವನ್ನು ಭಯದಿಂದ ದೂರವಿಡುವದೂ ಬೇಡ, ಭಕ್ತಿಯಿಂದ ನಂಬುವದೂ ಬೇಡ. ಅದನ್ನು ಪರೀಕ್ಷಿಸಿ ಉಪಯೋಗಿಸುವವರೂ, ಮುಂದೆ ಅದನ್ನು ರಚಿಸುವವರೂ ನಮ್ಮ ವಿದ್ಯಾರ್ಥಿನಿಯರೊಳಗಿಂದಲೇ ಏಳಲೆಂದು ನಾವು ಹಾರೈಸುತ್ತೇವೆ.